ತೊಗರಿ ಬೆಳೆಗೆ ಹತ್ತು ಕಸುಬಿನ ಜಾಣ್ಮೆ



ಎಳ್ಳಮವಾಸ್ಯೆಯ ದಿನ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು ನಮ್ಮ ಕಡೆಯ ಪದ್ಧತಿ. ಆಳಂದ ತಾಲೂಕಿನ ಜಿಡಗಾದಿಂದ ಹಿಡಿದು ಅಫಜಲಪುರ, ಜೇವರ್ಗಿಯವರೆಗೆ ಎರೆ ಹೊಲಗಳಲ್ಲಿ ಆ ದಿನ ಚರಗ ಚೆಲ್ಲುತ್ತಾರೆ. ತೊಗರಿ ಆ ಹೊತ್ತಿಗೆ ಕಾಯಿ ತುಂಬಿ ರಾಶಿಗೆ ಬರುವ ಹಂತದಲ್ಲಿರುತ್ತದೆ. ಚರಗ ಚೆಲ್ಲುತ್ತ ಹೊಲ ಸುತ್ತುವಾಗ ಹಸಿರು ಸಾಲಿನ ನಡುವೆ ಒಂದು ಕಡೆ ನಾಲ್ಕು ಗಿಡ, ಇನ್ನೊಂದು ಕಡೆ ಹತ್ತು ಗಿಡ, ಮತ್ತೊಂದು ಕಡೆ ಕಣದಷ್ಟು ಜಾಗವೇ ಒಣಗಿ ನಿಂತಿರುವುದನ್ನು ನೀವು ನೋಡಿರಬಹುದು. ಹುಳು ತಿಂದಿಲ್ಲ, ದನ ಮೇಯ್ದಿಲ್ಲ, ನೆಲದಲ್ಲಿ ಹಸಿಯೂ ಇದೆ. ಆದರೂ ಗಿಡ ಸತ್ತಿದೆ. ಇದು ನೆಟೆ ರೋಗ.

2022ರ ಮುಂಗಾರಿನ ಬೆಳೆಯಲ್ಲಿ ಕಲಬುರಗಿ ಜಿಲ್ಲೆಯಲ್ಲಿಯೂ ನೆರೆಯ ಜಿಲ್ಲೆಗಳಲ್ಲಿಯೂ ಈ ರೋಗದ ಹಾವಳಿ ಬಹಳ ದೊಡ್ಡದಾಗಿತ್ತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಪ್ರಕಟಿಸಿತು. ಅಂದರೆ ಎಕರೆಗೆ ಸುಮಾರು 4,000 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಎಡೆ ಹೊಡೆದ ಖರ್ಚು, ಆಳಿನ ಕೂಲಿ ಇವನ್ನೆಲ್ಲ ಬರೆದಿಟ್ಟವರಿಗೆ ಈ ಹಣದಿಂದ ಎಷ್ಟು ತುಂಬಿತು, ಎಷ್ಟು ಉಳಿಯಿತು ಎಂಬುದು ಗೊತ್ತು. ಮಳೆಯನ್ನೇ ನಂಬಿದ ಹೊಲದಲ್ಲಿ ವರ್ಷಕ್ಕೊಂದೇ ಬೆಳೆ. ಅದು ಹೋದರೆ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ, ಸೊಸೈಟಿ ಸಾಲ ಹಾಗೆಯೇ ನಿಲ್ಲುತ್ತದೆ.

ಈ ರೋಗಕ್ಕೆ ಔಷಧಿ ಯಾವುದು ಎಂದು ನೀವು ಕೇಳುತ್ತೀರಿ. ಸತ್ತ ಗಿಡವನ್ನು ಬದುಕಿಸುವ ಔಷಧಿ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಬೆಳೆಯನ್ನು ಉಳಿಸುವ ದಾರಿಗಳು ಇವೆ. ಆ ದಾರಿಗಳನ್ನು ಒಬ್ಬನೇ ವಿಜ್ಞಾನಿ ಕಂಡುಹಿಡಿದಿಲ್ಲ. ರೋಗಶಾಸ್ತ್ರಜ್ಞರು, ತಳಿ ತಜ್ಞರು, ಯಂತ್ರ ಮಾಡುವವರು, ಬೇಳೆ ಗಿರಣಿಯವರು, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು, ಇವರೆಲ್ಲರ ಜಾಣ್ಮೆ ಅದರಲ್ಲಿ ಸೇರಿದೆ. ಒಂದು ಕಸುಬಿನಲ್ಲಿ ಕಲಿತದ್ದು ಇನ್ನೊಂದು ಕಸುಬಿಗೆ ಹೇಗೆ ಉಪಯೋಗಕ್ಕೆ ಬಂತು ಎಂಬುದನ್ನು ತಿಳಿದರೆ ಶಿಫಾರಸಿನ ಹಿಂದಿರುವ ಕಾರಣ ನಿಮಗೆ ತಿಳಿಯುತ್ತದೆ. ಕಾರಣ ತಿಳಿದ ಮೇಲೆ ನಿಮ್ಮ ಹೊಲಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ನೀವೇ ತೀರ್ಮಾನಿಸಬಹುದು.

ಮೊದಲು ರೋಗವನ್ನು ಗುರುತಿಸಿ

ತೊಗರಿ ಗಿಡ ಒಣಗಿದ್ದೆಲ್ಲ ನೆಟೆ ರೋಗವಲ್ಲ. ಒಣಗುತ್ತಿರುವ ಗಿಡವನ್ನು ಬೇರು ಸಹಿತ ಕಿತ್ತು, ಕಾಂಡದ ಸಿಪ್ಪೆಯನ್ನು ಕುಡುಗೋಲಿನಿಂದ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಕಂದು ಅಥವಾ ಕಪ್ಪು ಗೆರೆಗಳು ಉದ್ದಕ್ಕೆ ಕಂಡರೆ ಅದು ನೆಟೆ ರೋಗ. ಕಾಂಡದ ಹೊರಮೈಯಲ್ಲಿ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿರುವುದೂ ಇದರ ಗುರುತು. ಕೆಲವೊಮ್ಮೆ ಗಿಡದ ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲು ಹಸಿರಾಗಿರುತ್ತದೆ.

ಗಿಡ ಪೊದೆಯಂತೆ ಬೆಳೆದು, ಎಲೆಗಳು ಸಣ್ಣದಾಗಿ, ತಿಳಿ ಹಸಿರು ಮತ್ತು ಹಳದಿ ಮಚ್ಚೆಗಳಿಂದ ಕೂಡಿ, ಹೂವೇ ಬಿಡದೆ ನಿಂತರೆ ಅದು ಗೊಡ್ಡು ರೋಗ. ಇಂಥ ಗಿಡ ಸಾಯುವುದಿಲ್ಲ, ಫಲವನ್ನೂ ಕೊಡುವುದಿಲ್ಲ. ಇನ್ನು ಎಳೆಯ ಬೆಳೆಯಲ್ಲಿ ನೀರು ನಿಂತ ಕಡೆ ಕಾಂಡದ ಮೇಲೆ ತಗ್ಗಾದ ಕಂದು ಕಲೆ ಬಿದ್ದು, ಗಾಳಿಗೆ ಅಲ್ಲಿಯೇ ಮುರಿದರೆ ಅದು ಫೈಟಾಪ್ತೊರಾ ಅಂಗಮಾರಿ ರೋಗ. ಮೂರಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಗುರುತು ತಪ್ಪಿದರೆ ಹಣ ಹಾಕಿದ್ದೂ ವ್ಯರ್ಥ.

ರೋಗದ ಮಣ್ಣನ್ನು ಜೋಪಾನ ಮಾಡಿದವರು

ನೆಟೆ ರೋಗವನ್ನು 1906ರಲ್ಲಿ ಬಿಹಾರದ ಪೂಸಾದಲ್ಲಿ ಇ. ಜೆ. ಬಟ್ಲರ್ ಎಂಬ ವಿಜ್ಞಾನಿ ಮೊದಲಿಗೆ ವಿವರಿಸಿದರು. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದು ಮಣ್ಣಿನಲ್ಲಿ, ಹಳೆಯ ತೊಗರಿ ಕಟ್ಟಿಗೆ ಮತ್ತು ಬೇರಿನ ತುಂಡುಗಳಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ಎಳೆಯ ಬೇರಿನ ಮೂಲಕ ಒಳಹೊಕ್ಕು, ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಆದ್ದರಿಂದಲೇ ನೆಲದಲ್ಲಿ ಹಸಿಯಿದ್ದರೂ ಗಿಡ ನೀರಿಲ್ಲದಂತೆ ಸಾಯುತ್ತದೆ. ಮೇಲಿನಿಂದ ಎಲೆಗೆ ಸಿಂಪಡಿಸಿದ ಔಷಧಿ ಫಲ ಕೊಡದಿರುವುದಕ್ಕೂ ಇದೇ ಕಾರಣ.

ಇಂಥ ರೋಗಕ್ಕೆ ರೋಗ ತಡೆಯುವ ತಳಿಯೇ ದೊಡ್ಡ ಉತ್ತರ. ಆದರೆ ಯಾವ ತಳಿ ತಡೆಯುತ್ತದೆ ಎಂದು ತಿಳಿಯುವುದು ಹೇಗೆ? ಒಳ್ಳೆಯ ಹೊಲದಲ್ಲಿ ಎಲ್ಲ ತಳಿಯೂ ಒಳ್ಳೆಯದೇ. ಆದ್ದರಿಂದ ವಿಜ್ಞಾನಿಗಳು ನಾವು ಮಾಡದ ಕೆಲಸವನ್ನು ಮಾಡಿದರು. ರೋಗ ಬಂದ ಗಿಡಗಳ ಕಟ್ಟಿಗೆಯನ್ನು ಬೇಕೆಂದೇ ತಂದು ಒಂದು ತಾಕಿನಲ್ಲಿ ಸೇರಿಸಿ, ಅಲ್ಲಿ ವರ್ಷವರ್ಷವೂ ರೋಗಕ್ಕೆ ಬೇಗ ತುತ್ತಾಗುವ ತೊಗರಿಯನ್ನೇ ಬೆಳೆದು, ಮಣ್ಣಿನ ತುಂಬ ರೋಗ ತುಂಬಿಸಿದರು. ಆ ರೋಗದ ತಾಕಿನಲ್ಲಿ ನೂರಾರು ತಳಿಗಳನ್ನು ಬಿತ್ತಿ, ಸತ್ತವನ್ನು ಬಿಟ್ಟು ಬದುಕಿದವನ್ನು ಆರಿಸಿದರು. ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ನೋಡುವ ಅಕ್ಕಸಾಲಿಗನ ಕೆಲಸದಂತೆಯೇ ಇದು.

ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಹೀಗೆ ಹೊರಬಂದ ಐ.ಸಿ.ಪಿ. 8863 ಎಂಬ ತಳಿಯನ್ನು 1986ರಲ್ಲಿ ನಮ್ಮ ರಾಜ್ಯದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಲಾಯಿತು. ನೆಟೆ ರೋಗದಿಂದ ಬೇಸತ್ತಿದ್ದ ಈ ಭಾಗದ ರೈತರು ಅದನ್ನು ಕೈಚಾಚಿ ಪಡೆದರು. ಸರ್ಕಾರದ ಬೀಜಕ್ಕಾಗಿ ಕಾಯದೆ ಒಬ್ಬರಿಂದ ಒಬ್ಬರು ಸೇರು, ಎರಡು ಸೇರು ಬೀಜ ತಂದು ಬಿತ್ತಿದರು. ಕೆಲವೇ ವರ್ಷಗಳಲ್ಲಿ ಮಾರುತಿ ಈ ಭಾಗದ ಊರೂರಿಗೂ ಹರಡಿತು.

ಕಚೇರಿಯ ಸ್ಟೇಪ್ಲರ್ ಹೊಲಕ್ಕೆ ಬಂದದ್ದು

ಗೊಡ್ಡು ರೋಗದ ಕಥೆ ಬೇರೆ. ಇದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಅಸೇರಿಯಾ ಕಜಾನಿ ಎಂಬ ನುಸಿ. ರೋಗಕ್ಕೆ ಮೂಲ ಒಂದು ವೈರಸ್ ಎಂಬುದು ಖಚಿತವಾದದ್ದು 2000ದ ಸುಮಾರಿಗೆ. ಈ ರೋಗವನ್ನು ತಡೆಯುವ ತಳಿ ಆರಿಸಬೇಕಾದರೆ ಪರೀಕ್ಷೆಯ ಪ್ರತಿಯೊಂದು ಗಿಡಕ್ಕೂ ನುಸಿಯನ್ನು ಹತ್ತಿಸಬೇಕು. ಕಾಣದ ನುಸಿಯನ್ನು ಸಾವಿರಾರು ಸಸಿಗಳಿಗೆ ಹತ್ತಿಸುವುದು ಹೇಗೆ?

1976ರಲ್ಲಿ ಇಕ್ರಿಸ್ಯಾಟ್‌ನ ವೈ. ಎಲ್. ನೆನೆ ಮತ್ತು ಎಂ. ವಿ. ರೆಡ್ಡಿ ಎಂಬ ರೋಗಶಾಸ್ತ್ರಜ್ಞರು ಇದಕ್ಕೆ ಬಹಳ ಸರಳವಾದ ಉಪಾಯವನ್ನು ಪ್ರಕಟಿಸಿದರು. ಗೊಡ್ಡು ರೋಗ ಬಂದ ಗಿಡದ ಎಲೆಯೊಂದನ್ನು ತಂದು, ಆರೋಗ್ಯವಾದ ಸಸಿಯ ಎಲೆಯ ಮೇಲೆ ಮಡಿಸಿ, ಕಾಗದ ಹೊಲಿಯುವ ಸ್ಟೇಪ್ಲರಿನಿಂದ ಒಂದು ಪಿನ್ನು ಹೊಡೆಯುವುದು. ರೋಗದ ಎಲೆ ಬಾಡಿದಂತೆ ನುಸಿ ತಾನೇ ಹಸಿ ಎಲೆಗೆ ಹತ್ತುತ್ತದೆ. ಗುಮಾಸ್ತರ ಮೇಜಿನ ಮೇಲಿನ ಉಪಕರಣದಿಂದ ಕೂಲಿ ಆಳು ಕೂಡ ಒಂದು ದಿನದಲ್ಲಿ ನೂರಾರು ಸಸಿ ಪರೀಕ್ಷೆಗೆ ಸಿದ್ಧಮಾಡಬಹುದಾಯಿತು.

ಈ ಪರೀಕ್ಷೆ ಒಂದು ಕಹಿ ಸತ್ಯವನ್ನೂ ತೋರಿಸಿತು. ನೆಟೆ ರೋಗಕ್ಕೆ ಎದೆಯೊಡ್ಡಿ ನಿಂತ ಮಾರುತಿ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅದು ಎಷ್ಟು ಸುಲಭವೆಂದರೆ, ಗೊಡ್ಡು ರೋಗದ ಪರೀಕ್ಷಾ ತಾಕುಗಳಲ್ಲಿ ರೋಗವನ್ನು ಹೆಚ್ಚಿಸುವುದಕ್ಕೆಂದೇ ಮಾರುತಿಯನ್ನು ಬಿತ್ತುತ್ತಾರೆ. ಎರಡು ರೋಗಗಳನ್ನೂ ತಡೆಯುವ ‘ಆಶಾ’ ಎಂಬ ತಳಿ 1993ರಲ್ಲಿ ಬಿಡುಗಡೆಯಾಯಿತು. ಆದರೆ ಅದರ ಅವಧಿ ಮಾರುತಿಗಿಂತ ಉದ್ದ. ಹಿಂಗಾರು ಮಳೆ ಕೈಕೊಟ್ಟ ವರ್ಷ, ತೆಳು ಮಣ್ಣಿನ ಹೊಲದಲ್ಲಿ ಕಾಯಿ ತುಂಬುವ ಮೊದಲೇ ಹಸಿ ತೀರಿಹೋಗುತ್ತದೆ. ಕಲಬುರಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್. 3ಆರ್, ಜಿ.ಆರ್.ಜಿ. 811 ಮೊದಲಾದ ತಳಿಗಳು ಬಂದಿರುವುದು ನಮ್ಮ ಭಾಗದ ಮಣ್ಣು, ಮಳೆ, ರೋಗ ಇವನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿದು.

ಇದರಿಂದ ನೀವು ತಿಳಿಯಬೇಕಾದದ್ದು ಇಷ್ಟು. ರೋಗ ತಡೆಯುವ ತಳಿ ಎಂದರೆ ಎಲ್ಲ ರೋಗವನ್ನೂ ಎಲ್ಲ ಹೊಲದಲ್ಲಿಯೂ ತಡೆಯುವ ತಳಿ ಎಂದಲ್ಲ. ಬೀಜ ಕೊಳ್ಳುವಾಗ ಯಾವ ರೋಗವನ್ನು ತಡೆಯುತ್ತದೆ, ಅವಧಿ ಎಷ್ಟು ದಿನ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ.

ತಳಿ ಕೆಟ್ಟಿತೋ, ಬೀಜ ಕೆಟ್ಟಿತೋ?

‘ಮೊದಮೊದಲು ಈ ತಳಿಗೆ ರೋಗ ಬರುತ್ತಿರಲಿಲ್ಲ, ಈಗ ಬರುತ್ತಿದೆ’ ಎಂದು ಅನೇಕ ರೈತರು ಹೇಳುವುದುಂಟು. ಅವರ ಮಾತು ಸುಳ್ಳಲ್ಲ. ಇದಕ್ಕೆ ಕಾರಣಗಳು ಹಲವು.

ತೊಗರಿಯ ಹೂವಿಗೆ ಜೇನು ಮತ್ತು ದುಂಬಿಗಳು ಬಹಳವಾಗಿ ಬರುತ್ತವೆ. ಪಕ್ಕದ ಹೊಲದ ತಳಿಯ ಪರಾಗ ನಿಮ್ಮ ಹೊಲದ ಹೂವಿಗೆ ಸೇರುತ್ತದೆ. ಮನೆಯ ಬೀಜವನ್ನೇ ಐದಾರು ವರ್ಷ ಬಿತ್ತಿದರೆ ಹೆಸರು ಹಳೆಯದು, ಬೀಜ ಬೆರಕೆ ಎಂದಾಗುತ್ತದೆ. ಇದರ ಜೊತೆಗೆ ಒಂದೇ ಹೊಲದಲ್ಲಿ ತೊಗರಿಯ ಮೇಲೆ ತೊಗರಿ ಬಿತ್ತುತ್ತ ಹೋದರೆ ಮಣ್ಣಿನಲ್ಲಿ ರೋಗ ವರ್ಷವರ್ಷವೂ ತುಂಬುತ್ತದೆ. ಸಂಶೋಧನಾ ಕೇಂದ್ರದವರು ಕಷ್ಟಪಟ್ಟು ತಯಾರಿಸಿದ ರೋಗದ ತಾಕನ್ನು ನಾವು ನಮ್ಮ ಹೊಲದಲ್ಲಿ ಅರಿಯದೆ ತಯಾರಿಸುತ್ತಿದ್ದೇವೆ. ಶಿಲೀಂಧ್ರದಲ್ಲಿಯೂ ಹಲವು ಬಗೆಗಳಿವೆ. ಒಂದು ಬಗೆಯನ್ನು ತಡೆದ ತಳಿ ಇನ್ನೊಂದು ಬಗೆಗೆ ಸೋಲಬಹುದು.

ನಮ್ಮ ಹಿರಿಯರು ತೊಗರಿಯನ್ನು ಜೋಳ, ಸಜ್ಜೆಗಳ ಜೊತೆ ಅಕ್ಕಡಿಯಾಗಿ ಬೆಳೆಯುತ್ತಿದ್ದರು. ತೊಗರಿಯ ಜೊತೆಗೆ ಜೋಳವಿದ್ದರೆ, ಅಥವಾ ಒಂದು ವರ್ಷ ತೊಗರಿ ಬಿಟ್ಟು ಜೋಳ ಬೆಳೆದರೆ ನೆಟೆ ರೋಗ ಗಣನೀಯವಾಗಿ ಇಳಿಯುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಜೋಳಕ್ಕೆ ಧಾರಣೆ ಇಲ್ಲ, ಕೊಯ್ಯಲು ಆಳಿಲ್ಲ ಎಂಬ ನಿಮ್ಮ ಕಷ್ಟ ನಿಜವೇ. ಇಡೀ ಹೊಲವನ್ನು ಬದಲಿಸಲಾಗದಿದ್ದರೆ ರೋಗ ಹೆಚ್ಚಾಗಿ ಕಂಡ ಪಟ್ಟಿಯನ್ನಾದರೂ ಎರಡು ಮೂರು ವರ್ಷ ತೊಗರಿಯಿಂದ ಬಿಡಿಸಿ.

ಅಗಸರ ನೀಲಿ ಮತ್ತು ಹೆಣ್ಣುಮಕ್ಕಳ ಚಾದರ

ಕಾಯಿಕೊರಕ ಹುಳುವಿನ ವಿಷಯದಲ್ಲಿಯೂ ಬೇರೆ ಬೇರೆ ಕಸುಬಿನ ಜಾಣ್ಮೆ ಸೇರಿರುವುದನ್ನು ಕಾಣಬಹುದು. ಈ ಹುಳುವಿಗೆ ಮಾತ್ರ ರೋಗ ತರುವ ಎನ್.ಪಿ.ವಿ. ಎಂಬ ನಂಜಾಣುವನ್ನು ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಸಿಂಪಡಿಸುವ ಶಿಫಾರಸು ಇದೆ. ಆದರೆ ಬಿಸಿಲಿನ ಪ್ರಖರ ಕಿರಣಕ್ಕೆ ಈ ನಂಜಾಣು ಬೇಗ ಸಾಯುತ್ತದೆ. ಬಿಳಿ ಬಟ್ಟೆಗೆ ಅಗಸರು ಹಾಕುವ ನೀಲಿಯನ್ನು ಸ್ವಲ್ಪ ಬೆರೆಸಿದರೆ ಅದು ಕಿರಣವನ್ನು ತಡೆಯುತ್ತದೆ ಎಂದು ಪ್ರಯೋಗದಿಂದ ತಿಳಿಯಿತು. ಜೊತೆಗೆ ಬೆಲ್ಲ ಬೆರೆಸಿದರೆ ದ್ರಾವಣ ಎಲೆಗೆ ಅಂಟಿಕೊಳ್ಳುತ್ತದೆ, ಹುಳುವೂ ಚೆನ್ನಾಗಿ ತಿನ್ನುತ್ತದೆ. ಸಿಂಪರಣೆಯನ್ನು ಸಂಜೆಯ ಹೊತ್ತು ಮಾಡಬೇಕು.

ಔಷಧಿಗೆ ಹುಳು ಬಗ್ಗದ ವರ್ಷಗಳಲ್ಲಿ ನಮ್ಮ ಜಿಲ್ಲೆಯ ರೈತರೇ ಕೈಗೊಂಡ ಉಪಾಯ ಇನ್ನೊಂದಿದೆ. ಎರಡು ಸಾಲಿನ ನಡುವೆ ಹಳೆಯ ಚಾದರವನ್ನೋ ತಾಡಪತ್ರಿಯನ್ನೋ ಹಿಡಿದು, ಗಿಡವನ್ನು ಮೆಲ್ಲಗೆ ಬಗ್ಗಿಸಿ ಅಲುಗಿಸಿದರೆ ಬೆಳೆದ ಹುಳುಗಳು ಉದುರಿ ಬೀಳುತ್ತವೆ. ಅವನ್ನು ಕೂಡಿಸಿ ನಾಶಮಾಡಬೇಕು. ಈ ಕೆಲಸದಲ್ಲಿ ಹೆಣ್ಣುಮಕ್ಕಳ ಕೈ ಹಗುರ. ಹೂವು, ಎಳೆಗಾಯಿ ಉದುರದಂತೆ ಅಲುಗಿಸುವುದು ಅವರಿಗೆ ತಿಳಿದಿದೆ. ವಿಜ್ಞಾನಿಗಳು ಇದನ್ನು ನೋಡಿ, ಪರೀಕ್ಷಿಸಿ, ಶಿಫಾರಸಿನಲ್ಲಿ ಸೇರಿಸಿಕೊಂಡರು. ಇಲ್ಲಿ ಕಲಿಸಿದವರು ರೈತರು, ಕಲಿತವರು ವಿಜ್ಞಾನಿಗಳು.

ಎಕರೆಗೆ ಎರಡು ಮೋಹಕ ಬಲೆ ಕಟ್ಟಿ, ಪಕ್ಷಿಗಳು ಕೂಡಲು ಸುಮಾರು 20 ಕವಲು ಕೋಲು ನೆಡಿ. ಗಿಡಕ್ಕೆ ಸರಾಸರಿ ಎರಡು ಮೊಟ್ಟೆ ಅಥವಾ ಒಂದು ಹುಳು ಕಂಡಾಗ ಮಾತ್ರ ಸಿಂಪರಣೆಗೆ ಇಳಿಯಿರಿ. ಮೊದಲ ಸಿಂಪರಣೆಗೆ ಶೇ. 5ರ ಬೇವಿನ ಬೀಜದ ಕಷಾಯ ಒಳ್ಳೆಯದು. ನೆರೆಯವರು ಸಿಂಪಡಿಸಿದರು ಎಂದು ನೀವೂ ಸಿಂಪಡಿಸಬೇಕಾಗಿಲ್ಲ.

ಕುಡಿ ಚಿವುಟುವ ಕೈ, ಚಿವುಟುವ ಯಂತ್ರ

ಬಿತ್ತಿದ 45ರಿಂದ 50 ದಿನಗಳಲ್ಲಿ ತೊಗರಿಯ ತುದಿಕುಡಿಯನ್ನು ಚಿವುಟಿದರೆ ಗಿಡ ಮೇಲಕ್ಕೆ ಓಡುವುದನ್ನು ಬಿಟ್ಟು ಮಗ್ಗುಲಿಗೆ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಿದರೆ ಹೂವು ಹೆಚ್ಚು, ಕಾಯಿ ಹೆಚ್ಚು. ಹೂವಿನ ತೋಟದವರಿಗೆ ಈ ವಿದ್ಯೆ ಮೊದಲಿನಿಂದ ಗೊತ್ತಿತ್ತು. ಆದರೆ ಹತ್ತು ಎಕರೆ ತೊಗರಿಯ ಕುಡಿಯನ್ನು ಬೆರಳಿನಿಂದ ಚಿವುಟಲು ಆಳು ಎಲ್ಲಿಂದ ತರುವುದು? ಹುಲ್ಲು ಕತ್ತರಿಸುವ ಯಂತ್ರದ ತತ್ವವನ್ನೇ ಹಿಡಿದು, ಬ್ಯಾಟರಿಯಿಂದ ತಿರುಗುವ ಸಣ್ಣ ಅಲಗುಳ್ಳ ಕುಡಿ ಕತ್ತರಿಸುವ ಯಂತ್ರಗಳು ಬಂದ ಮೇಲೆ ಈ ಕೆಲಸ ಹಗುರವಾಗಿದೆ. ಒಬ್ಬರೇ ಕೊಳ್ಳಲಾಗದಿದ್ದರೆ ನಾಲ್ಕಾರು ಮಂದಿ ಸೇರಿ ಕೊಳ್ಳಬಹುದು, ಬಾಡಿಗೆಗೂ ತರಬಹುದು. ನೆಲದಲ್ಲಿ ಹಸಿ ಇರುವಾಗ ಮಾತ್ರ ಚಿವುಟಿ. ಹೂ ಮೊಗ್ಗು ಕಂಡ ಮೇಲೆ ಚಿವುಟಿದರೆ ನಷ್ಟ.

ಬೀದರ ಜಿಲ್ಲೆಯಲ್ಲಿ ತೊಗರಿಯನ್ನು ಸಸಿ ಮಾಡಿ ನಾಟಿ ಮಾಡುವ ಪದ್ಧತಿ ಬೆಳೆದುಬಂದಿರುವುದೂ ಹೀಗೆಯೇ. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಎಬ್ಬಿಸುವುದು ತೋಟಗಾರರ ಕಸುಬು. ಬೇಸಿಗೆಯ ಕೊನೆಯಲ್ಲಿಯೇ ಚೀಲದಲ್ಲಿ ಬೀಜ ಊರಿ, ಮಳೆ ಹಿಡಿದ ಕೂಡಲೆ ಅಗಲ ಅಂತರದಲ್ಲಿ ನೆಡುತ್ತಾರೆ. ಮಳೆ ತಡವಾದ ವರ್ಷ ಬೆಳೆಯ ವಯಸ್ಸು ಕಳೆದುಹೋಗುವುದಿಲ್ಲ. ಬಾವಿಯ ನೀರು ಸ್ವಲ್ಪವಾದರೂ ಇರುವವರು ಅರ್ಧ ಎಕರೆಯಲ್ಲಿ ಇದನ್ನು ಮಾಡಿ ನೋಡಬಹುದು.

ರೈತರು ಒಪ್ಪದ ಉಪಕರಣ

ಸಂಶೋಧನೆಯೆಲ್ಲ ಗೆದ್ದಿತು ಎಂದು ತಿಳಿಯಬೇಡಿ. ಎರೆ ಭೂಮಿಯಲ್ಲಿ ಮಳೆಯ ನೀರು ನಿಂತು ಬೆಳೆ ಕೆಡುವುದನ್ನು ತಪ್ಪಿಸಲು ಇಕ್ರಿಸ್ಯಾಟ್ ಸಂಸ್ಥೆಯವರು 1970ರ ದಶಕದಲ್ಲಿ ಅಗಲವಾದ ಮಡಿ ಮತ್ತು ಹರಿಯ ಪದ್ಧತಿಯನ್ನು ರೂಪಿಸಿದರು. ಅದಕ್ಕಾಗಿ ಎತ್ತು ಎಳೆಯುವ, ಎರಡು ಚಕ್ರದ, ನೇಗಿಲು, ಕೂರಿಗೆ, ಕುಂಟೆ ಎಲ್ಲವನ್ನೂ ಒಂದಕ್ಕೇ ಜೋಡಿಸಬಹುದಾದ ಉಪಕರಣವನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ನಮ್ಮ ಜಿಲ್ಲೆಯ ಫರಹತಾಬಾದದಲ್ಲಿಯೂ ಈ ಪದ್ಧತಿಯನ್ನು ರೈತರ ಹೊಲದಲ್ಲಿ ಪರೀಕ್ಷಿಸಲಾಯಿತು.

ಮಡಿಯ ತತ್ವ ಸರಿಯಾಗಿಯೇ ಇತ್ತು. ಆದರೆ ಉಪಕರಣವನ್ನು ರೈತರು ಕೊಳ್ಳಲಿಲ್ಲ. ಬೆಲೆ ಹೆಚ್ಚು, ಭಾರ ಹೆಚ್ಚು, ಜೋಡಿಸಿ ಬಿಚ್ಚುವ ರಗಳೆಯೂ ಹೆಚ್ಚು. ಇಂಥ ಉಪಕರಣಗಳು ಬೇರೆ ಬೇರೆ ದೇಶಗಳಲ್ಲಿ ಹೇಗೆ ನಡೆದವು ಎಂದು ಪಾಲ್ ಸ್ಟಾರ್ಕಿ ಎಂಬ ತಜ್ಞರು 1988ರಲ್ಲಿ ಒಂದು ಪುಸ್ತಕ ಬರೆದರು. ತಜ್ಞರ ಕಣ್ಣಿಗೆ ಪರಿಪೂರ್ಣವಾಗಿದ್ದ ಉಪಕರಣವನ್ನು ರೈತರು ಎಲ್ಲೆಡೆಯೂ ಬದಿಗಿಟ್ಟಿದ್ದರು. ಮರದ ಕೂರಿಗೆ ಮುರಿದರೆ ಊರ ಬಡಗಿ ಅಂದೇ ಸರಿಮಾಡಿಕೊಡುತ್ತಾನೆ. ಬಿತ್ತನೆಯ ಹದ ಎರಡು ಮೂರು ದಿನದ್ದು. ಆ ಹೊತ್ತಿನಲ್ಲಿ ನಿಂತುಹೋಗುವ ಯಂತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಹೊಸ ಯಂತ್ರ ಕೊಳ್ಳುವಾಗ ಅದು ಕೆಟ್ಟರೆ ನಿಮ್ಮ ಊರಲ್ಲಿಯೋ ಆಳಂದದಲ್ಲಿಯೋ ದುರಸ್ತಿ ಮಾಡುವವರು ಇದ್ದಾರೆಯೆ, ಬಿಡಿಭಾಗ ಸಿಗುತ್ತದೆಯೆ ಎಂದು ವಿಚಾರಿಸಿಯೇ ಹಣ ಕೊಡಿ.

ಮಡಿಯ ತತ್ವವನ್ನು ಮಾತ್ರ ಬಿಡಬೇಡಿ. ಸಾಲು ಸಾಲಿನ ನಡುವೆ ಎಡೆಕುಂಟೆಗೆ ಹಗ್ಗ ಸುತ್ತಿ ಹರಿ ತೆಗೆದರೂ ನೀರು ಹರಿದು ಹೋಗುತ್ತದೆ.

ಗಿರಣಿಯ ವಿದ್ಯೆ

ತೊಗರಿ ಕಾಳಿನ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವೊಂದಿದೆ. ಅದನ್ನು ಸಡಿಲಿಸಲು ನಮ್ಮ ಮನೆಗಳಲ್ಲಿ ಕಾಳನ್ನು ನೆನೆಯಿಟ್ಟು, ಕೆಮ್ಮಣ್ಣು ಕಲಸಿ, ಬಿಸಿಲಿಗೆ ಒಣಗಿಸಿ ಬೀಸುವ ರೂಢಿಯಿತ್ತು. ಗಿರಣಿಗಳಲ್ಲಿ ಎಣ್ಣೆ ಸವರಿ ಒಣಗಿಸುತ್ತಾರೆ. ಬಿಸಿಲಿಲ್ಲದ ದಿನ ಕೆಲಸ ನಿಲ್ಲುತ್ತದೆ. ಅಂಟು ಸರಿಯಾಗಿ ಬಿಡದಿದ್ದರೆ ಬೇಳೆ ಸವೆದು ನುಚ್ಚು, ಹಿಟ್ಟು ಹೆಚ್ಚಾಗುತ್ತದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಪಿ. ಪಿ. ಕುರಿಯನ್ ಮತ್ತು ಎಚ್. ಎ. ಬಿ. ಪಾರ್ಪಿಯ ಅವರು ಈ ಕೆಲಸವನ್ನು ಕೂಲಂಕಷವಾಗಿ ಅಭ್ಯಸಿಸಿದರು. ಕಾಳಿಗೆ ಬಿಸಿ ಗಾಳಿ ಹಾಯಿಸಿ ತೇವವನ್ನು ಹದಕ್ಕೆ ತಂದರೆ ಎಣ್ಣೆಯೂ ಬೇಡ, ಬಿಸಿಲೂ ಬೇಡ, ಬೇಳೆಯೂ ಹೆಚ್ಚು ಸಿಗುತ್ತದೆ ಎಂದು ಅಲ್ಲಿಯ ಸಂಶೋಧನೆ ತೋರಿಸಿತು. ಮುಂದೆ ಹಳ್ಳಿಗೆ ಒಗ್ಗುವ ಸಣ್ಣ ಬೇಳೆ ಯಂತ್ರಗಳೂ ಬಂದವು.

ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹೆಸರಿಗೆ ಬೆಲೆ ಬರಬೇಕಾದರೆ ಕಾಳು ಒಂದೇ ತಳಿಯದು, ಒಂದೇ ಗಾತ್ರದ್ದು, ಚೆನ್ನಾಗಿ ಒಣಗಿದ್ದು ಆಗಿರಬೇಕು. ಗಾತ್ರ ಬೆರಕೆಯಾದರೆ ಗಿರಣಿಯಲ್ಲಿ ದೊಡ್ಡ ಕಾಳು ಸವೆಯುತ್ತದೆ, ಸಣ್ಣ ಕಾಳು ಸಿಪ್ಪೆ ಬಿಡದೆ ಉಳಿಯುತ್ತದೆ. ಅಡತಿ ಅಂಗಡಿಯಲ್ಲಿ ಧಾರಣೆ ಇಳಿಯುವುದು ಇಂಥ ಕಾರಣಕ್ಕೂ ಉಂಟು. ಬೀಜದ ಶುದ್ಧತೆ ಹೀಗೆ ರೋಗಕ್ಕೂ ಬೇಕು, ಬೆಲೆಗೂ ಬೇಕು.

ನಿಮ್ಮ ಹೊಲದಲ್ಲಿ ನೀವೇ ಪರೀಕ್ಷೆ ಮಾಡಿ

ಸಂಶೋಧನಾ ಕೇಂದ್ರದ ಮಣ್ಣು ನಿಮ್ಮ ಹೊಲದ ಮಣ್ಣಲ್ಲ. ಆದ್ದರಿಂದ ಯಾವುದೇ ಶಿಫಾರಸನ್ನು ಮೊದಲು ಸಣ್ಣದಾಗಿ ಪರೀಕ್ಷಿಸುವುದು ಒಳ್ಳೆಯದು. ಟ್ರೈಕೋಡರ್ಮಾ ಬೀಜೋಪಚಾರವನ್ನೇ ತೆಗೆದುಕೊಳ್ಳಿ. ಹತ್ತು ಸಾಲು ಉಪಚರಿಸಿದ ಬೀಜ, ಪಕ್ಕದಲ್ಲಿ ಹತ್ತು ಸಾಲು ಉಪಚರಿಸದ ಬೀಜ, ಹೀಗೆ ಹೊಲದ ಮೂರು ಕಡೆ ಜೋಡಿ ಪಟ್ಟಿ ಬಿತ್ತಿ. ಪಟ್ಟಿಯ ಎರಡೂ ತುದಿಗೆ ಗೂಟ ನೆಟ್ಟು ಗುರುತು ಮಾಡಿ. ಹೂ ಬಿಟ್ಟಾಗ ಒಮ್ಮೆ, ಕಾಯಿ ಬಲಿತಾಗ ಒಮ್ಮೆ, ಪ್ರತಿ ಪಟ್ಟಿಯ ನಡುವಿನ ಸಾಲಿನಲ್ಲಿ 100 ಗಿಡ ಎಣಿಸಿ ಎಷ್ಟು ಒಣಗಿವೆ ಎಂದು ಬರೆದಿಡಿ.

ಒಂದು ಲೆಕ್ಕವನ್ನು ಉದಾಹರಣೆಗೆ ನೋಡೋಣ. ಉಪಚರಿಸಿದ ಮೂರು ಪಟ್ಟಿಗಳಲ್ಲಿ ಒಣಗಿದ ಗಿಡ 12, 9 ಮತ್ತು 15. ಉಪಚರಿಸದ ಪಟ್ಟಿಗಳಲ್ಲಿ 20, 8 ಮತ್ತು 29 ಎಂದಿಟ್ಟುಕೊಳ್ಳಿ. ನೀವು ಎರಡನೆಯ ಜೋಡಿಯೊಂದನ್ನೇ ಹಾಕಿದ್ದರೆ 9 ಮತ್ತು 8 ನೋಡಿ ಉಪಚಾರ ವ್ಯರ್ಥ ಎನ್ನುತ್ತಿದ್ದಿರಿ. ಮೂರನ್ನೂ ಕೂಡಿಸಿದರೆ 300ಕ್ಕೆ 36 ಮತ್ತು 300ಕ್ಕೆ 57, ಅಂದರೆ ಶೇ. 12 ಮತ್ತು ಶೇ. 19. ರೋಗ ಹೊಲದ ತುಂಬ ಒಂದೇ ಸಮ ಇರುವುದಿಲ್ಲ. ಮೂರು ಕಡೆ ಹಾಕಬೇಕೆನ್ನುವುದು ಇದಕ್ಕಾಗಿಯೇ. ರಾಶಿಯನ್ನೂ ಪಟ್ಟಿವಾರು ಬೇರೆ ಮಾಡಿ ತೂಗಿ. ಹೆಚ್ಚಿಗೆ ಬಂದ ಕಾಳಿನ ಬೆಲೆ ಖರ್ಚಿಗಿಂತ ಹೆಚ್ಚಾದರೆ ಮುಂದಿನ ವರ್ಷ ಇಡೀ ಹೊಲಕ್ಕೆ ಮಾಡಿ. ಮಗ ಅಥವಾ ಮಗಳು ಶಾಲೆಗೆ ಹೋಗುತ್ತಿದ್ದರೆ ಈ ಎಣಿಕೆಯ ವಹಿಯನ್ನು ಅವರ ಕೈಗೆ ಕೊಡಿ.

ಮುಂಗಾರಿಗೆ ಮೊದಲು ಮಾಡಬೇಕಾದ ಕೆಲಸಗಳು

1. ಕಳೆದ ವರ್ಷ ರೋಗ ಕಂಡ ಜಾಗವನ್ನು ಗುರುತಿಸಿ, ಅಲ್ಲಿಯ ಬೇರು, ಕಟ್ಟಿಗೆಗಳನ್ನು ಆಯ್ದು ಸುಡಿ. ಆ ಪಟ್ಟಿಯಲ್ಲಿ ಜೋಳ ಅಥವಾ ಸಜ್ಜೆ ಬಿತ್ತಿ.

2. ಮಾಗಿ ಉಳುಮೆ ಮಾಡಿ, ಬೇಸಿಗೆಯ ಬಿಸಿಲು ಮಣ್ಣಿಗೆ ತಾಗಲು ಬಿಡಿ.

3. ಮೂರು ವರ್ಷಕ್ಕೊಮ್ಮೆ ಪ್ರಮಾಣಿತ ಬೀಜ ತನ್ನಿ. ಮನೆಯಲ್ಲಿಯೇ ಬೀಜ ಮಾಡುವವರು ಬೇರೆ ತೊಗರಿ ಹೊಲದಿಂದ ಕನಿಷ್ಠ 200 ಮೀಟರು ದೂರದ ಹೊಲವನ್ನು ಆರಿಸಿ, ಬೇರೆ ಬಗೆಯ ಗಿಡಗಳನ್ನು ಹೂ ಬಿಡುವ ಮೊದಲೇ ಕೀಳಿ.

4. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ, ನಂತರ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ರೋಗ ಹೆಚ್ಚಿರುವ ಹೊಲದಲ್ಲಿ ಎಕರೆಗೆ 2 ಕಿಲೋ ಟ್ರೈಕೋಡರ್ಮಾವನ್ನು 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಸೇರಿಸಿ.

5. ಗೊಡ್ಡು ರೋಗದ ಗಿಡ ಎಳೆಯದಿದ್ದಾಗಲೇ ಕಿತ್ತು ಹೊಲದಿಂದ ಹೊರಗೆ ಹಾಕಿ. ಬದುವಿನ ಮೇಲಿನ ಹಳೆಯ ತೊಗರಿ, ಕೂಳೆ ತೊಗರಿ ಬಿಡಬೇಡಿ. ನುಸಿ ಬೇಸಿಗೆ ಕಳೆಯುವುದು ಅದರ ಮೇಲೆಯೇ.

6. ನೀರು ನಿಲ್ಲದಂತೆ ಹರಿ ತೆಗೆಯಿರಿ.

7. ಹೂ ಬಿಡುವಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಮಿಶ್ರಣವನ್ನು ಲೀಟರ್ ನೀರಿಗೆ 10 ಗ್ರಾಂ ಪ್ರಮಾಣದಲ್ಲಿ, ಹದಿನೈದು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಬಹುದು. ಹೂ ಉದುರುವುದು ಕಡಿಮೆಯಾಗುತ್ತದೆ. ಇದು ಪೋಷಕಾಂಶವೇ ಹೊರತು ನೆಟೆ ರೋಗದ ಔಷಧಿಯಲ್ಲ.

ಅನುಮಾನ ಬಂದರೆ ಒಣಗಿದ ಗಿಡವನ್ನು ಬೇರು ಸಹಿತ ಕಾಗದದಲ್ಲಿ ಸುತ್ತಿಕೊಂಡು ಕಲಬುರಗಿಯ ಸಂಶೋಧನಾ ಕೇಂದ್ರಕ್ಕಾಗಲಿ, ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕಾಗಲಿ ತನ್ನಿ. ನಿಮ್ಮ ಎಣಿಕೆಯ ವಹಿಯನ್ನೂ ಜೊತೆಗೆ ತನ್ನಿ. ಗಿಡವನ್ನು ನೋಡಿ ನಾವು ರೋಗದ ಹೆಸರು ಹೇಳಬಹುದು. ಅದು ಹೊಲದ ಯಾವ ಮೂಲೆಯಿಂದ, ಯಾವ ಮಳೆಯ ನಂತರ, ಯಾವ ಬೀಜಕ್ಕೆ ಬಂತು ಎಂಬುದನ್ನು ಹೇಳಬೇಕಾದವರು ನೀವು. ಎರಡೂ ಕೂಡಿದಾಗಲೇ ಮುಂದಿನ ತಳಿಗೂ ಮುಂದಿನ ಶಿಫಾರಸಿಗೂ ದಾರಿಯಾಗುತ್ತದೆ.

ಬರುವ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಗೂಟ ನೆಟ್ಟ ಆ ಆರು ಪಟ್ಟಿಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ನೂರು ಗಿಡ ಎಣಿಸಲು ಹತ್ತು ನಿಮಿಷ ಸಾಕು.